ಶೇ 40ರ ಆಚೆ, ಈಚೆ: ಅಂಗವೈಕಲ್ಯ ಪ್ರಮಾಣಪತ್ರದ ಪದಗಳನ್ನು ಓದುವುದು ಹೇಗೆ

ಅಂಗವಿಕಲ ಎನ್ನಬೇಕೋ, ವಿಕಲಚೇತನ ಎನ್ನಬೇಕೋ, ದಿವ್ಯಾಂಗ ಎನ್ನಬೇಕೋ ಎಂಬ ಪ್ರಶ್ನೆ ಸಭೆ ಸಮಾರಂಭಗಳಲ್ಲಿ ತಪ್ಪದೆ ಬರುತ್ತದೆ. ಅದಕ್ಕೂ ಉತ್ತರ ಬೇಕು, ಮುಂದೆ ನೋಡೋಣ. ಆದರೆ ಜೇವರ್ಗಿ, ಸುರಪುರ, ಔರಾದ ಕಡೆಯ ಹಳ್ಳಿಗಳಿಂದ ನಸುಕಿನ ಬಸ್ಸು ಹಿಡಿದು ಜಿಲ್ಲಾ ಆಸ್ಪತ್ರೆಗೆ ಬರುವ ತಂದೆ ತಾಯಿಗಳ ಕೈಯಲ್ಲಿರುವ ಕಾಗದದ ಮೇಲೆ ಬೇರೆಯೇ ಪದಗಳಿರುತ್ತವೆ. ಶೇಕಡಾವಾರು, ಶಾಶ್ವತ, ತಾತ್ಕಾಲಿಕ, ಚಲನ ವೈಕಲ್ಯ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ. ಇವುಗಳಲ್ಲಿ ಒಂದು ಪದ ಅತ್ತಿತ್ತ ಆದರೂ ಪಗಾರ, ಬಸ್ ಪಾಸು, ಕಾಲೇಜಿನ ಸೀಟು, ಸರ್ಕಾರಿ ನೌಕರಿ ಎಲ್ಲವೂ ಅತ್ತಿತ್ತ ಆಗುತ್ತವೆ. (ಸರ್ಕಾರದ ಮಾಸಾಶನಕ್ಕೆ ನಮ್ಮ ಕಡೆ ಪಗಾರ ಎಂದೇ ಹೆಸರು.)

"ಸರ್ಟಿಫಿಕೇಟಿನ್ಯಾಗ ಮೂವತ್ತೆಂಟು ಬರದಾರ್ರಿ ಅಣ್ಣಾರ, ಇನ್ನೆರಡು ಹಾಕ್ಸಿ ಕೊಡ್ರಿ" ಎಂದು ಅಂಗಲಾಚುವ ತಾಯಂದಿರನ್ನು ಕಲಬುರಗಿ, ಯಾದಗಿರಿ, ಬೀದರ ಈ ಮೂರು ಜಿಲ್ಲೆಗಳಲ್ಲಿ ಯಾವ ಪುನರ್ವಸತಿ ಕಾರ್ಯಕರ್ತರೂ ನೋಡದೇ ಇರಲಾರರು. ಆ ತಾಯಿಗೆ ಗದರಿಕೆ ಬೇಕಿಲ್ಲ, ಸುಳ್ಳು ಭರವಸೆಯೂ ಬೇಕಿಲ್ಲ. ಪಗಾರಕ್ಕೂ ಮೀಸಲಿಗೂ ಶೇ 40 ಬೇಕು; ಮೂವತ್ತೆಂಟು ಎಂಬುದು ಎಲ್ಲಿಂದ ಬಂತು, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಯಾರಾದರೂ ಕುಳಿತು ಹೇಳಬೇಕು. ಈ ಬರಹ ಇರುವುದು ಅದಕ್ಕೆ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದು. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ ಪ್ರಕಾರ ಅಂಗವಿಕಲ ವ್ಯಕ್ತಿ ಎಂದರೆ ದೈಹಿಕವಾದ, ಮಾನಸಿಕವಾದ, ಬೌದ್ಧಿಕವಾದ ಅಥವಾ ಇಂದ್ರಿಯಗಳಿಗೆ ಸಂಬಂಧಿಸಿದ ಊನ ಬಹುಕಾಲದಿಂದ ಇದ್ದು, ಅದು ಸುತ್ತಲಿನ ಅಡೆತಡೆಗಳ ಜತೆ ಸೇರಿ, ಉಳಿದವರ ಸರಿಸಮಕ್ಕೆ ಸಮಾಜದಲ್ಲಿ ಪಾಲ್ಗೊಳ್ಳಲು ಬಿಡದ ಸ್ಥಿತಿಯಲ್ಲಿರುವವರು. ಇಲ್ಲಿ ‘ಅಡೆತಡೆ’ ಎಂಬ ಪದವನ್ನು ಬೆರಳಿಟ್ಟು ಓದಬೇಕು. ಹಳೆಯ 1995ರ ಕಾಯ್ದೆ ದೇಹವನ್ನಷ್ಟೇ ನೋಡುತ್ತಿತ್ತು: ಯಾವ ಅಂಗಕ್ಕೆ ಏನಾಗಿದೆ, ಎಷ್ಟು ಆಗಿದೆ. ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲಿ ಸಹಿ ಮಾಡಿ, ಅದೇ ವರ್ಷ ಅಕ್ಟೋಬರ್ 1ರಂದು ಅನುಮೋದಿಸಿತು. ಆ ಒಡಂಬಡಿಕೆಗೆ ತಕ್ಕಂತೆ ಬರೆದ ಹೊಸ ಕಾಯ್ದೆ ದೇಹದ ಜತೆಗೆ ದೇಹದ ಹೊರಗಿನದನ್ನೂ ಲೆಕ್ಕಕ್ಕೆ ಹಿಡಿಯಿತು.

ಹೊರಗಿನದು ಎಂದರೇನು? ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲೇ ಮೂರು ಮಾತುಗಳನ್ನು ಬಿಡಿಸಿ ಇಟ್ಟಿತ್ತು. ಕನ್ನಡದಲ್ಲಿ ಅವನ್ನು ಊನ, ವೈಕಲ್ಯ, ತೊಡಕು ಎನ್ನೋಣ. ಪೋಲಿಯೊ ಬಂದು ಹೆಂಗಸೊಬ್ಬಳ ಬಲಗಾಲಿನ ಸ್ನಾಯು ಸೊರಗಿದ್ದರೆ ಅದು ಊನ. ಅದರಿಂದ ನಡೆಯುವುದು ಕಷ್ಟವಾದರೆ ಅದು ವೈಕಲ್ಯ. ರೇಷನ್ ಕಾರ್ಡಿನ ಟೇಬಲ್ಲು ಕಚೇರಿಯ ಮೊದಲ ಮಹಡಿಯಲ್ಲಿದ್ದು, ಲಿಫ್ಟ್ ಇಲ್ಲದೆ, ಅವಳು ಕೆಳಗೇ ಕೂತು ಮೈದುನನ ಕೈಯಲ್ಲಿ ಕಾಗದ ಕಳಿಸಬೇಕಾದರೆ ಅದು ತೊಡಕು. ಊನ ವೈದ್ಯರಿಗೆ ಸಂಬಂಧಿಸಿದ್ದು. ತೊಡಕನ್ನು ತೆಗೆಯಬೇಕಾದವರು ಕಟ್ಟಡ ಕಟ್ಟಿಸಿದವರು. 2001ರಲ್ಲಿ ಬಂದ ಹೊಸ ವರ್ಗೀಕರಣದಲ್ಲಿ ಈ ಮೂರನೆಯ ಪದವನ್ನೇ ಕೈಬಿಟ್ಟು, ಪರಿಸರದ ಅಂಶಗಳು ಎಂದು ಬಿಡಿಬಿಡಿಯಾಗಿ ಬರೆದರು. ಆದರೂ ಅರ್ಥ ಮಾಡಿಕೊಳ್ಳಲು ಹಳೆಯ ಮೂರು ಮೆಟ್ಟಿಲೇ ಸಲೀಸು ಎನ್ನುವುದು ನನ್ನ ಅನಿಸಿಕೆ.

ನಮ್ಮೂರಿನ ಕಟ್ಟಡಗಳಲ್ಲಿ ಈ ತೊಡಕನ್ನು ಕಣ್ಣಿಂದಲೇ ಅಳೆಯಬಹುದು. ಕಲಬುರಗಿ ಸೀಮೆಯಲ್ಲಿ ನೆಲಕ್ಕೂ ಮೆಟ್ಟಿಲಿಗೂ ಶಹಾಬಾದ ಕಲ್ಲು ಹಾಸುವುದು ರೂಢಿ. ಗಾಲಿಕುರ್ಚಿಗೆ ರ‍್ಯಾಂಪ್ ಕಟ್ಟುವಾಗಲೂ ಅದನ್ನೇ ಹಾಸುತ್ತಾರೆ. ಒಂದಕ್ಕೆ ಹನ್ನೆರಡು ಎಂಬುದು ರ‍್ಯಾಂಪಿನ ಲೆಕ್ಕ: ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಶಾಲೆಯ ಮುಂದೆ 6 ಇಂಚಿನ ಮೂರು ಮೆಟ್ಟಿಲುಗಳಿದ್ದರೆ ಎತ್ತರ ಒಂದೂವರೆ ಅಡಿ, ರ‍್ಯಾಂಪಿನ ಉದ್ದ 18 ಅಡಿ ಆಗಬೇಕು. ಜಾಗ ಸಾಲದೆಂದೋ, ಬಿಲ್ಲಿಗೆ ಇಷ್ಟೇ ಸಾಕೆಂದೋ ಐದಾರು ಅಡಿಯಲ್ಲಿ ಮುಗಿಸಿದ ರ‍್ಯಾಂಪುಗಳು ಎಲ್ಲ ಕಡೆ ಸಿಗುತ್ತವೆ. ನುಣುಪು ಕಲ್ಲು, ಕಡಿದಾದ ಇಳಿಜಾರು, ಮೇಲೆ ಮಳೆಯ ನೀರು ಬಿದ್ದರಂತೂ ಊರುಗೋಲಿನ ರಬ್ಬರು ಹಿಡಿತಕ್ಕೆ ನಿಲ್ಲುವುದಿಲ್ಲ. ಬದಿಗೆ ಹಾಕಿದ ಕಬ್ಬಿಣದ ಕಂಬಿಯನ್ನು ಮೇ ತಿಂಗಳ ಮಧ್ಯಾಹ್ನ ಮುಟ್ಟುವ ಹಾಗಿಲ್ಲ. ಕಾಗದದಲ್ಲಿ ಅದು ‘ಅಡೆತಡೆ ಇಲ್ಲದ ಶಾಲೆ’. ಕಾಯ್ದೆಯ ಅರ್ಥದಲ್ಲಿ ಆ ರ‍್ಯಾಂಪೇ ಒಂದು ಅಡೆತಡೆ.

ಇನ್ನು ಪ್ರಮಾಣಪತ್ರದಲ್ಲಿ ಬರೆಯುವ ವೈಕಲ್ಯದ ಹೆಸರಿಗೆ ಬರೋಣ. 1995ರ ಕಾಯ್ದೆಯಲ್ಲಿ 7 ಹೆಸರುಗಳಿದ್ದವು, 2016ರದರಲ್ಲಿ 21 ಇವೆ. ಅಂಧತ್ವ, ಮಂದದೃಷ್ಟಿ, ಶ್ರವಣದೋಷ, ಚಲನ ವೈಕಲ್ಯ, ಕುಷ್ಠದಿಂದ ಗುಣವಾದವರು ಮುಂತಾಗಿ ಹಿಂದಿನವು ಉಳಿದುಕೊಂಡವು. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್‌ಸನ್ಸ್, ಆಸಿಡ್ ದಾಳಿಗೆ ಒಳಗಾದವರು, ರಕ್ತಕ್ಕೆ ಸಂಬಂಧಿಸಿದ ಥಲಸ್ಸೀಮಿಯಾ, ಹೀಮೋಫೀಲಿಯಾ, ಕುಡಗೋಲು ಕಣ ಕಾಯಿಲೆ (ಸಿಕಲ್ ಸೆಲ್) ಇತ್ಯಾದಿ ಹೊಸದಾಗಿ ಸೇರಿದವು. ಪೂರ್ತಿ ಪಟ್ಟಿ ಒಪ್ಪಿಸುವುದಕ್ಕಿಂತ ನಮ್ಮ ಭಾಗದಲ್ಲಿ ಹೆಚ್ಚು ಗೋಜಲಾಗುವ ಎರಡು ಮೂರು ಹೆಸರುಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಒಂದು, ಪೋಲಿಯೊ. ಮಗುವಿನ ಕಾಲು ಸೆಟೆದಿದ್ದರೂ, ಕತ್ತು ನಿಲ್ಲದಿದ್ದರೂ, ಮೂರು ವರ್ಷವಾದರೂ ನಡೆಯದಿದ್ದರೂ ಹಳ್ಳಿಯಲ್ಲಿ ಒಂದೇ ಮಾತು, "ಪೋಲಿಯೋ ಆಗ್ಯದ." ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಪತ್ತೆಯಾದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೊ ಮುಕ್ತವೆಂಬ ಪ್ರಮಾಣೀಕರಣವೂ ಆಯಿತು. ಹಾಗಾಗಿ ಇವತ್ತು ಐದು ವರ್ಷದ ಮಗುವಿಗೆ ಇರುವುದು ಬಹುಮಟ್ಟಿಗೆ ಬೇರೇನೋ. ಅದು ಸೆರೆಬ್ರಲ್ ಪಾಲ್ಸಿ ಆಗಿರಬಹುದು. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಕೆಲವೇ ಸಮಯದಲ್ಲಿ ಮೆದುಳಿನ ಯಾವುದೋ ಭಾಗಕ್ಕೆ ಪೆಟ್ಟಾಗಿ ಕೈಕಾಲಿನ ಚಲನೆ, ಸ್ನಾಯುಗಳ ಹೊಂದಾಣಿಕೆ ಕೆಡುವುದು ಅದರ ಲಕ್ಷಣ. ತಿಂಗಳು ತುಂಬದ ಹೆರಿಗೆ, ಹೆರಿಗೆಯಲ್ಲಿ ಮಗುವಿಗೆ ಉಸಿರು ಸಾಲದಿರುವುದು, ಹುಟ್ಟಿದ ಮೇಲೆ ವಿಪರೀತ ಕಾಮಾಲೆ ಏರುವುದು ಇದಕ್ಕೆ ದಾರಿಯಾಗಬಹುದು. "ಕೂಸು ಹುಟ್ಟಿದ ಕೂಡ್ಲೇ ಅಳಲಿಲ್ರಿ" ಎಂಬ ತಾಯಿಯ ಮಾತು ವೈದ್ಯರಿಗೆ ದೊಡ್ಡ ಸುಳಿವು. ಅದನ್ನು ಹೇಳಲು ಹಿಂಜರಿಯಬಾರದು.

ಹೆಸರಿನಿಂದ ಏನು ವ್ಯತ್ಯಾಸ? ಬಹಳ ಇದೆ. ಪೋಲಿಯೊ ಎಂದುಕೊಂಡವರು ಲಸಿಕೆಯನ್ನು ಬೈಯುತ್ತಾರೆ, ಇನ್ನು ಮಾಡುವಂಥದ್ದೇನಿಲ್ಲ ಎಂದು ಮಗುವನ್ನು ಮೂಲೆಯಲ್ಲಿ ಮಲಗಿಸುತ್ತಾರೆ. ಸೆರೆಬ್ರಲ್ ಪಾಲ್ಸಿ ಎಂದು ಗೊತ್ತಾದರೆ ಮೊದಲ ವರ್ಷಗಳಲ್ಲೇ ಫಿಸಿಯೊಥೆರಪಿ, ಕುಳಿತುಕೊಳ್ಳಲು ವಿಶೇಷ ಕುರ್ಚಿ, ನುಂಗಲು ಮತ್ತು ಮಾತಾಡಲು ತರಬೇತಿ ಶುರು ಮಾಡಬಹುದು. ಮೆದುಳಿಗೆ ಆದ ಪೆಟ್ಟು ಹೆಚ್ಚುತ್ತ ಹೋಗುವಂಥದ್ದಲ್ಲ. ಆದರೆ ಆರೈಕೆ ಇಲ್ಲದಿದ್ದರೆ ಸೆಟೆದ ಸ್ನಾಯು ಮೊಟಕಾಗಿ ಕೀಲುಗಳು ಗಟ್ಟಿಯಾಗುತ್ತವೆ. ಕಾಗದದ ವ್ಯತ್ಯಾಸವೂ ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಮಾತ್ರ ಅನ್ವಯಿಸುತ್ತದೆ. ಅದರ ಕೆಳಗಿನ ನಿರಾಮಯ ವಿಮೆ ಥೆರಪಿ ಖರ್ಚೂ ಸೇರಿದಂತೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಮಗುವಿನ ಪತ್ರದಲ್ಲಿ ಬರೀ ‘ಚಲನ ವೈಕಲ್ಯ’ ಎಂದಿದ್ದರೆ ಈ ಬಾಗಿಲು ತೆರೆಯುವುದು ಕಷ್ಟ. ‘ಸೆರೆಬ್ರಲ್ ಪಾಲ್ಸಿ’ ಎಂದಿದ್ದರೆ ತೆರೆಯುತ್ತದೆ.

ಇದಕ್ಕೆ ಕನ್ನಡದಲ್ಲಿ ‘ಮೆದುಳಿನ ಪಾರ್ಶ್ವವಾಯು’ ಎಂದು ಬರೆಯುವುದುಂಟು. ಅದನ್ನು ಓದಿದ ನಮ್ಮ ಜನಕ್ಕೆ ನೆನಪಾಗುವುದು ಲಕ್ವಾ. ಲಕ್ವಾ ಹೊಡೆಯುವುದು ಹೆಚ್ಚಾಗಿ ದೊಡ್ಡವರಿಗೆ, ಒಮ್ಮೆಲೇ, ಮೆದುಳಿನ ರಕ್ತನಾಳ ಕಟ್ಟಿಯೋ ಒಡೆದೋ ಆಗುವಂಥದ್ದು. ಗಂಟೆಗಳಲ್ಲಿ ಆಸ್ಪತ್ರೆ ಸೇರಬೇಕಾದ ತುರ್ತು ಅದು. ಎರಡನ್ನೂ ಒಂದೇ ಹೆಸರಿಂದ ಕರೆದರೆ ಎರಡಕ್ಕೂ ಅನ್ಯಾಯ. ‘ಸೆರೆಬ್ರಲ್ ಪಾಲ್ಸಿ’ ಎಂದೇ ಬರೆಯುವುದು, ‘ಸಿಪಿ’ ಎನ್ನುವುದು ಲೇಸು.

ಎರಡನೆಯ ಗೋಜಲು ಬೌದ್ಧಿಕ ವೈಕಲ್ಯ ಮತ್ತು ಮಾನಸಿಕ ಕಾಯಿಲೆಯದು. ಬಾಯಿಮಾತಿನಲ್ಲಿ ಎರಡಕ್ಕೂ ‘ತಲಿ ಸರಿ ಇಲ್ಲ’ ಎನ್ನುತ್ತಾರೆ. ಬೌದ್ಧಿಕ ವೈಕಲ್ಯ ಎಂದರೆ ಚಿಕ್ಕಂದಿನಿಂದಲೇ ಕಲಿಯುವುದು, ತರ್ಕ ಮಾಡುವುದು, ಸಮಸ್ಯೆ ಬಿಡಿಸುವುದು ನಿಧಾನವಾಗಿದ್ದು, ಸ್ನಾನ, ಉಡುಪು, ದುಡ್ಡಿನ ಲೆಕ್ಕ, ಒಬ್ಬರೇ ಓಡಾಡುವುದು ಇಂಥ ದಿನನಿತ್ಯದ ಕೌಶಲಗಳಿಗೂ ಆಸರೆ ಬೇಕಾಗುವ ಸ್ಥಿತಿ. ಅದು ಕಾಯಿಲೆಯಲ್ಲ, ಅದಕ್ಕೆ ಗುಳಿಗೆ ಇಲ್ಲ; ಕಲಿಸುವ ಕ್ರಮ ಇದೆ. ಮಾನಸಿಕ ಕಾಯಿಲೆ ಎಂದರೆ ಯೋಚನೆ, ಮನಸ್ಥಿತಿ, ಗ್ರಹಿಕೆ, ನೆನಪುಗಳಲ್ಲಿ ಗಂಭೀರ ಏರುಪೇರಾಗಿ ದಿನದ ಬದುಕು ತಪ್ಪಿಹೋಗುವುದು. ಅದು ಓದಿ ನೌಕರಿ ಮಾಡುತ್ತಿದ್ದವರಿಗೂ ಬರಬಹುದು, ಔಷಧಿಯಿಂದ ಹತೋಟಿಗೂ ಬರುತ್ತದೆ. ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಬೌದ್ಧಿಕ ಹಿನ್ನಡೆ ಸೇರುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ. ನಿರಾಮಯ ವಿಮೆ ಬೌದ್ಧಿಕ ವೈಕಲ್ಯಕ್ಕೆ ಇದೆ, ಕೇವಲ ಮಾನಸಿಕ ಕಾಯಿಲೆ ಇದ್ದರೆ ಇಲ್ಲ. 18 ತುಂಬಿದ ಮೇಲೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಯಿಂದ ಪೋಷಕತ್ವ ಪಡೆಯುವುದೂ ರಾಷ್ಟ್ರೀಯ ನ್ಯಾಸದ ನಾಲ್ಕು ವರ್ಗಗಳಿಗೆ ಮಾತ್ರ.

ಮೂರನೆಯದು ನಮ್ಮ ನೆಲದ ಸಂಗತಿ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದುಗಟ್ಟುತ್ತದೆ, ಮುಂದೆ ಬೆನ್ನು ಮೊಣಕಾಲು ಬಿಗಿಯುತ್ತವೆ. 21ರ ಪಟ್ಟಿಯಲ್ಲಿ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಅದಕ್ಕೆಂದು ಕೈಚೆಲ್ಲಬೇಕಿಲ್ಲ. ಮೂಳೆ ಕೀಲುಗಳು ಕೆಟ್ಟು ಚಲನೆ ಕುಂದಿದ್ದರೆ ಅದನ್ನು ಚಲನ ವೈಕಲ್ಯದ ಅಡಿಯಲ್ಲಿ ಅಳೆಯಬಹುದು. ಕಾಯ್ದೆ ನೋಡುವುದು ಕಾಯಿಲೆ ಎಲ್ಲಿಂದ ಬಂತು ಎಂಬುದನ್ನಲ್ಲ, ಕೈಕಾಲು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿವೆ ಎಂಬುದನ್ನು. ಹಲ್ಲಿನ ಬಣ್ಣಕ್ಕೆ ಪ್ರಮಾಣಪತ್ರ ಸಿಗದು.

ಕುಷ್ಠದ ಬಗ್ಗೆ ಒಂದೇ ಮಾತು. ಕಾಯ್ದೆಯಲ್ಲಿರುವುದು ‘ಕುಷ್ಠದಿಂದ ಗುಣವಾದವರು’. ರೋಗ ಹೋಗಿದೆ, ಸ್ಪರ್ಶ ಜ್ಞಾನ ಹೋದ ಕೈ ಅಥವಾ ಮಡಚಿದ ಬೆರಳು ಉಳಿದಿದೆ ಎಂದರ್ಥ. ಅವರನ್ನು ಇನ್ನೂ ರೋಗಿ ಎನ್ನುವುದು ತಪ್ಪು. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದಲೂ 2019ರಲ್ಲಿ ತೆಗೆದುಹಾಕಲಾಗಿದೆ.

ಈಗ ಆ ಸಂಖ್ಯೆ. ಶೇ 40 ಎಂಬುದಕ್ಕೆ ಕಾಯ್ದೆ ಇಟ್ಟ ಹೆಸರು ಬೆಂಚ್‌ಮಾರ್ಕ್ ವೈಕಲ್ಯ. ಶೇ 40 ಮತ್ತು ಅದಕ್ಕಿಂತ ಹೆಚ್ಚು ಇದ್ದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲು, ಉನ್ನತ ಶಿಕ್ಷಣದಲ್ಲಿ ಶೇ 5ರ ಮೀಸಲು, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಇದರಲ್ಲೂ ಒಂದು ಒಳಸುಳಿ ಇದೆ. ಉದ್ಯೋಗದ ಶೇ 4ರ ಹಂಚಿಕೆಯಲ್ಲಿ ದೃಷ್ಟಿ, ಶ್ರವಣ, ಚಲನ ಈ ಮೂರು ಗುಂಪುಗಳಿಗೆ ತಲಾ 1, ಉಳಿದ 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ವೈಕಲ್ಯಕ್ಕೆ. ಥಲಸ್ಸೀಮಿಯಾ, ಹೀಮೋಫೀಲಿಯಾ ಇರುವವರ ಹೆಸರು ಈ ಹಂಚಿಕೆಯಲ್ಲಿ ಇಲ್ಲ. ಅವರಿಗೆ ಕಾಲೇಜಿನ ಮೀಸಲು ಉಂಟು, ನೌಕರಿಯ ಮೀಸಲು ಇಲ್ಲ. 21ರಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಸಿಗುತ್ತದೆ ಎಂದು ಹೇಳಿ ಹುಡುಗರಿಂದ ಅರ್ಜಿ ಹಾಕಿಸುವವರು ಇದನ್ನು ಗಮನಿಸಬೇಕು.

ಶೇಕಡಾ ಲೆಕ್ಕ ಹಾಕುವುದು ವೈದ್ಯರ ಮರ್ಜಿಯಿಂದಲ್ಲ. ಕೇಂದ್ರ ಸರ್ಕಾರ ಹೊರಡಿಸಿದ ಅಳತೆಯ ಮಾರ್ಗಸೂಚಿ ಇದೆ. 2018ರದನ್ನು 2024ರಲ್ಲಿ ಪರಿಷ್ಕರಿಸಿದ್ದಾರೆ. ಕಣ್ಣಿನ ವಿಷಯದಲ್ಲಿ ಬಹಳ ಜನ ಎಡವುವುದು ಇಲ್ಲಿ: ಅಳೆಯುವುದು ಎರಡರಲ್ಲಿ ಚೆನ್ನಾಗಿರುವ ಕಣ್ಣನ್ನು ಮುಂದಿಟ್ಟುಕೊಂಡು, ಅದೂ ಕನ್ನಡಕ ಹಾಕಿದ ಮೇಲೆ. ಚೆನ್ನಾಗಿರುವ ಕಣ್ಣಿನ ದೃಷ್ಟಿಯೇ 3/60ಕ್ಕಿಂತ ಕಡಿಮೆ ಇದ್ದರೆ ಕಾಯ್ದೆಯ ಅರ್ಥದಲ್ಲಿ ಅಂಧತ್ವ. ಅಂದರೆ ಸಾಮಾನ್ಯರಿಗೆ 60 ಮೀಟರಿಂದ ಕಾಣುವ ಅಕ್ಷರ 3 ಮೀಟರಿನಲ್ಲೂ ಕಾಣದಿರುವುದು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಾಗಿದ್ದರೆ ಸಿಗುವುದು ಶೇ 30. ತೊಗರಿ ರಾಶಿ ಮಾಡುವಾಗ ಕಡ್ಡಿ ಚುಚ್ಚಿ ಕಣ್ಣು ಕಳೆದುಕೊಂಡ ರೈತನಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ಆದರೆ ಲಂಚ ಕೊಟ್ಟರೆ 40 ಆಗುತ್ತದೆ ಎನ್ನುವ ದಲ್ಲಾಳಿಯ ಮಾತು ನಂಬಿದರೆ ಹಣವೂ ಹೋಗುತ್ತದೆ, ಸುಳ್ಳು ಪತ್ರಕ್ಕೆ ಶಿಕ್ಷೆಯೂ ಆಗುತ್ತದೆ.

ಕಿವಿಗೆ ಡೆಸಿಬಲ್ ಲೆಕ್ಕ. ಎರಡೂ ಕಿವಿಗಳಲ್ಲಿ 70 ಡೆಸಿಬಲ್‌ನಷ್ಟು ಶ್ರವಣ ನಷ್ಟವಿದ್ದರೆ ಕಿವುಡುತನ, 60ರಿಂದ 70ರ ನಡುವೆ ಇದ್ದರೆ ಮಂದ ಶ್ರವಣ. ಇಲ್ಲಿ ‘ಎರಡೂ’ ಎಂಬುದೇ ಮುಖ್ಯ. ಮಾತು ಬಾರದ ಎಳೆಗೂಸುಗಳಿಗೆ ಬೆರಾ ಎಂಬ ಪರೀಕ್ಷೆ ಇದೆ, ನಿದ್ದೆಯಲ್ಲೇ ಮಾಡುತ್ತಾರೆ. "ನಮ್ಮಪ್ಪನೂ ತಡವಾಗೇ ಮಾತಾಡಿದ್ದ, ಇವನೂ ಮಾತಾಡ್ತಾನ" ಎಂದು ಕಾಯುತ್ತ ಕೂತರೆ ಭಾಷೆ ಕಲಿಯುವ ವಯಸ್ಸು ಕೈ ಜಾರುತ್ತದೆ.

ಎರಡು ವೈಕಲ್ಯಗಳಿದ್ದರೆ? ಕೂಡಿಸಿದರೆ ಆಯಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ದೊಡ್ಡ ಸಂಖ್ಯೆಯನ್ನು 90ರಲ್ಲಿ ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸುತ್ತಾರೆ. ಒಂದು 50, ಇನ್ನೊಂದು 30 ಇದ್ದರೆ 80 ಆಗುವುದಿಲ್ಲ, ಸುಮಾರು 63 ಆಗುತ್ತದೆ. ಇದೇ ಸೂತ್ರ ಇನ್ನೊಂದು ರೀತಿ ನೆರವಿಗೂ ಬರುತ್ತದೆ. ಆ ರೈತನಿಗೆ ಕಣ್ಣಿನ ಶೇ 30ರ ಜತೆಗೆ ಹಳೆಯ ಅಪಘಾತದಿಂದ ಕಾಲಿನಲ್ಲಿ ಶೇ 20ರ ಊನ ಇದೆ ಎನ್ನೋಣ. 90ರಲ್ಲಿ 30 ಕಳೆದರೆ 60, ಅದನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 13, ಒಟ್ಟು 43. ಕಣ್ಣಿನ ವೈದ್ಯರ ಬಳಿ ಮಾತ್ರ ತೋರಿಸಿ ಮನೆಗೆ ಹೋಗಿದ್ದರೆ ಆತ 30ರಲ್ಲೇ ನಿಲ್ಲುತ್ತಿದ್ದ. ಆದ್ದರಿಂದ ಅರ್ಜಿ ಹಾಕುವಾಗಲೇ ಇರುವ ಊನಗಳನ್ನೆಲ್ಲ ನಮೂದಿಸಬೇಕು.

ಶೇ 40 ದಾಟಿದ ಮೇಲೂ ಇನ್ನೆರಡು ಗೆರೆಗಳಿವೆ. ರಾಜ್ಯದ ಮಾಸಾಶನದಲ್ಲಿ ಶೇ 75 ದಾಟಿದವರಿಗೆ ಮೊತ್ತ ಹೆಚ್ಚು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಮತ್ತು ಆದಾಯ ತೆರಿಗೆಯ ದೊಡ್ಡ ವಿನಾಯಿತಿಗೆ ಶೇ 80 ಬೇಕು. ಯುಡಿಐಡಿ, ಅಂದರೆ ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಕಾರ್ಡಿನ ಬಣ್ಣವೂ ಇದನ್ನೇ ಹೇಳುತ್ತದೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ.

ಬಿಳಿ ಕಾರ್ಡು ಬಂತೆಂದರೆ ಹರಿದು ಬಿಸಾಡುವ ಕಾಗದವಲ್ಲ, ಇದನ್ನು ಒತ್ತಿ ಹೇಳಬೇಕು. ಶೇ 38 ಇದ್ದವರೂ ಕಾಯ್ದೆಯ ಪ್ರಕಾರ ಅಂಗವಿಕಲ ವ್ಯಕ್ತಿಯೇ. ಅವರಿಗೆ ಇಲ್ಲದ್ದು ಬೆಂಚ್‌ಮಾರ್ಕಿಗೆ ಕಟ್ಟಿದ ಮೀಸಲು ಮತ್ತು ಪಗಾರ. ಭೇದ ಮಾಡಬಾರದು ಎಂಬ ರಕ್ಷಣೆ, ಶಾಲೆ ಕಚೇರಿಗಳಲ್ಲಿ ಹೊಂದಾಣಿಕೆ ಕೇಳುವ ಹಕ್ಕು ಅವರಿಗೂ ಉಂಟು. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಗೆ ಶೇ 40 ಇಲ್ಲವೆಂಬ ಕಾರಣಕ್ಕೆ ಬರಹ ಸಹಾಯಕನನ್ನು ನಿರಾಕರಿಸಲಾಗಿತ್ತು. ಬೆಂಚ್‌ಮಾರ್ಕ್ ಇರಲೇಬೇಕು ಎನ್ನುವುದು ಸರಿಯಲ್ಲ ಎಂದು ಕೋರ್ಟ್ ಹೇಳಿತು. ಅದರ ಫಲವಾಗಿ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟಪಡುವವರಿಗೂ ಪರೀಕ್ಷೆಯ ಮಾರ್ಗಸೂಚಿ ಬಂತು. ಸಹಾಯಕರನ್ನು ಪಡೆಯುವವರಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು.

ಇನ್ನೊಂದು ತೀರ್ಪು 2024ರ ಅಕ್ಟೋಬರ್‌ನದು, ಓಂಕಾರ್ ಗೊಂಡ್ ಪ್ರಕರಣ. ಮಾತಿನ ತೊಂದರೆ ಶೇ 40 ದಾಟಿದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ, ಓದಬಲ್ಲನೇ ಎಂಬುದನ್ನು ನೋಡಿ ನಿರ್ಧರಿಸಬೇಕು ಎಂದಿತು ಸುಪ್ರೀಂ ಕೋರ್ಟ್. ಶೇಕಡಾ ಅಂಗದ ಲೆಕ್ಕ, ಸಾಮರ್ಥ್ಯದ ಲೆಕ್ಕವಲ್ಲ. ಶೇ 50 ಎಂದರೆ ಮನುಷ್ಯ ಅರ್ಧ ಎಂದಲ್ಲ.

‘ತಾತ್ಕಾಲಿಕ’ ಎಂದು ಬರೆದರೆ ಗಾಬರಿಯಾಗುವವರು ಬಹಳ. ಸ್ಥಿತಿ ಬದಲಾಗಬಹುದು, ಮತ್ತೆ ನೋಡಬೇಕು ಎಂದಷ್ಟೇ ಅದರರ್ಥ. ಪತ್ರದಲ್ಲಿ ಮರುತಪಾಸಣೆಯ ದಿನಾಂಕ ಇರುತ್ತದೆ, ಅದನ್ನು ತಪ್ಪಿಸಿದರೆ ಸೌಲಭ್ಯ ನಿಲ್ಲಬಹುದು. ಕಲಿಕಾ ನ್ಯೂನತೆಗೆ 8 ವರ್ಷ ತುಂಬಿದ ಮೇಲೆ ಮೊದಲ ಪತ್ರ, ಆಮೇಲೆ 14ಕ್ಕೆ, 18ಕ್ಕೆ ಮತ್ತೆ ನೋಡಿ ಶಾಶ್ವತ ಮಾಡುವ ಕ್ರಮವಿದೆ. ಮಗು ದೊಡ್ಡದಾಗುತ್ತಿದ್ದಂತೆ ಬದಲಾಗುತ್ತದಾದ್ದರಿಂದ ಇದು ನ್ಯಾಯವೇ. ಆದರೆ ತುಂಡಾದ ಕಾಲಿಗೂ ತಾತ್ಕಾಲಿಕ ಎಂದು ಬರೆದು ಓಡಾಡಿಸುವುದಕ್ಕೆ ಯಾವ ಅರ್ಥವೂ ಇಲ್ಲ. ಅಂಥಲ್ಲಿ ಕೇಳಲೇಬೇಕು.

ರೈಲ್ವೆಯದು ಇನ್ನೊಂದು ಬಗೆ. ವಾಡಿ ಜಂಕ್ಷನ್ನಿನಿಂದ ಮುಂಬೈ ರೈಲು ಹತ್ತುವ ಕಿವುಡ ಕಾರ್ಮಿಕನಿಗೆ ರಿಯಾಯಿತಿ ಬೇಕಾದರೆ ಕೇಳಿಸದಿರುವುದು ಮತ್ತು ಮಾತು ಬಾರದಿರುವುದು ಎರಡೂ ಒಬ್ಬನಲ್ಲೇ ಪೂರ್ಣವಾಗಿ ಇರಬೇಕು ಎನ್ನುತ್ತದೆ ನಿಯಮ. ಚಲನ ವೈಕಲ್ಯಕ್ಕೂ ‘ಜತೆಗಾರರಿಲ್ಲದೆ ಪ್ರಯಾಣಿಸಲು ಆಗದವರು’ ಎಂಬ ಮಾತು ಬೇಕು. ಯುಡಿಐಡಿಯಲ್ಲಿ ಶೇ 60 ಇದ್ದರೂ ಈ ಮಾತಿಲ್ಲದೆ ರಿಯಾಯಿತಿ ಇಲ್ಲ. ಶೇಕಡಾ ಎಲ್ಲ ಬೀಗಕ್ಕೂ ಹೊಂದುವ ಕೀಲಿಯಲ್ಲ.

ಕಾಯ್ದೆಯಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಎನಿಸುವ ಜೋಡಿ ‘ಸುಗಮ್ಯತೆ’ ಮತ್ತು ‘ಸೂಕ್ತ ಹೊಂದಾಣಿಕೆ’. ಯಾರೂ ಕೇಳುವ ಮೊದಲೇ ಎಲ್ಲರಿಗೂ ಆಗುವಂತೆ ಕಟ್ಟಡ, ಬಸ್ಸು, ವೆಬ್‌ಸೈಟು ಮಾಡಿಡುವುದು ಸುಗಮ್ಯತೆ. ಒಬ್ಬ ವ್ಯಕ್ತಿ ಬಂದು ತನ್ನ ಅಗತ್ಯ ಹೇಳಿದಾಗ ಅವರಿಗಾಗಿ ಮಾಡುವ ಬದಲಾವಣೆ ಸೂಕ್ತ ಹೊಂದಾಣಿಕೆ. ಮಂದದೃಷ್ಟಿಯ ಹುಡುಗಿಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಗಾಲಿಕುರ್ಚಿಯ ಶಿಕ್ಷಕಿಯ ತರಗತಿಯನ್ನು ನೆಲಮಹಡಿಗೆ ಇಳಿಸುವುದು, ಕಿವುಡ ಅರ್ಜಿದಾರರಿಗೆ ಬರೆದು ತೋರಿಸುವುದು. ಇದಕ್ಕೆ ಅತಿಯಾದ ಹೊರೆ ಆಗಬಾರದು ಎಂಬ ಮಿತಿ ಇದೆ. ಆದರೆ ಟೇಬಲ್ಲು ಕೆಳಗಿಳಿಸುವುದು ಯಾವ ಕಚೇರಿಗೂ ಹೊರೆಯಲ್ಲ. 2024ರ ನವೆಂಬರ್ 8ರ ರಾಜೀವ್ ರತೂರಿ ತೀರ್ಪು ಈ ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳಿ, ಸುಗಮ್ಯತೆಗೆ ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಸೂಚಿಸಿತು.

ಈಗ ಬೀದಿಯ ಪದಗಳಿಗೆ ಬರಬಹುದು. ಕುಂಟ್ಯಾ, ಕುರುಡ್ಯಾ, ಮೂಗ್ಯಾ ಎಂದು ಹೆಸರಿಗೆ ಮೊದಲು ಸೇರಿಸಿ ಕರೆಯುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. "ಪ್ರೀತಿಯಿಂದ ಅಂತೀವ್ರಿ" ಎನ್ನುತ್ತಾರೆ. ಕರೆಸಿಕೊಳ್ಳುವವರನ್ನು ಕೇಳಿದರೆ ಪ್ರೀತಿ ಕಾಣುವುದಿಲ್ಲ. ಸಾರ್ವಜನಿಕರ ಎದುರು ಅವಮಾನಿಸಬೇಕೆಂದೇ ಅಂಗವಿಕಲರನ್ನು ಹೀನಾಯಿಸಿದರೆ ಅಥವಾ ಬೆದರಿಸಿದರೆ ಕಾಯ್ದೆಯ 92ನೇ ಕಲಮಿನಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ಪದಗಳು ಹುಟ್ಟಾ ಬೈಗುಳಗಳಲ್ಲ. ಬಸವಕಲ್ಯಾಣದ ಬಸವಣ್ಣನವರು ಹೆಳವ, ಅಂಧಕ, ಕಿವುಡ ಎಂಬ ಪದಗಳನ್ನು ತಮಗೇ ಬೇಡಿಕೊಂಡು ವಚನ ಹಾಡಿದ್ದಾರೆ. ಎಂಟುನೂರು ವರ್ಷಗಳಲ್ಲಿ ಆ ಪದಗಳಿಗೆ ನಾವು ಅಂಟಿಸಿದ ತಿರಸ್ಕಾರವೇ ಈಗ ಅವುಗಳ ಅರ್ಥವಾಗಿ ಕೂತಿದೆ.

‘ಮೂಗ’ ಎಂಬುದನ್ನಂತೂ ಪೂರ್ತಿ ಬಿಡಬೇಕು. ಸಂಜ್ಞೆಯಲ್ಲಿ ಜಗಳವಾಡುವ, ಹಾಸ್ಯ ಮಾಡುವ, ಲೆಕ್ಕ ಚುಕ್ತಾ ಮಾಡುವವರಿಗೆ ಭಾಷೆ ಇಲ್ಲ ಎನ್ನುವುದು ಸುಳ್ಳು. ಭಾರತೀಯ ಸಂಜ್ಞಾ ಭಾಷೆಯ ನಿಘಂಟಿನ 2021ರ ಆವೃತ್ತಿಯಲ್ಲಿ 10,000 ಪದಗಳಿವೆ. ಈ ಭಾಷೆ ಬಳಸುವ ಅನೇಕರು ತಮ್ಮನ್ನು ಕಿವುಡರೆಂದೇ ಹೇಳಿಕೊಳ್ಳುತ್ತಾರೆ, ‘ಶ್ರವಣದೋಷ’ ಎಂಬ ಪದದಲ್ಲಿನ ದೋಷ ಅವರಿಗೆ ಹಿಡಿಸುವುದಿಲ್ಲ.

ಕಲಬುರಗಿಯ ಉರ್ದು ಮಾತಿನವರು ‘ಮಾಜೂರ್’ ಎನ್ನುತ್ತಾರೆ. ಅದರ ಮೂಲದಲ್ಲಿರುವುದು ಉಜ್ರ್, ಅಂದರೆ ನೆಪ ಅಥವಾ ವಿನಾಯಿತಿ. ವಿನಾಯಿತಿ ಪಡೆದವ ಎಂದರ್ಥ. ಸೌಜನ್ಯದ ಪದ. ಆದರೆ ಶಾಲೆಯಿಂದ, ಕೆಲಸದಿಂದ, ಮದುವೆಯಿಂದಲೂ ‘ವಿನಾಯಿತಿ’ ಕೊಟ್ಟು ಕೂರಿಸುವ ಮನೆಗಳು ಎಲ್ಲ ಮತಗಳಲ್ಲೂ ಇವೆ. ‘ದಿವ್ಯಾಂಗ’ ಎಂಬುದು 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಿಂದ ಚಾಲ್ತಿಗೆ ಬಂತು. ತಮಗೆ ದಿವ್ಯವಾದದ್ದು ಬೇಡ, ಸಮವಾದದ್ದು ಸಾಕು ಎಂದು ಅನೇಕ ಅಂಗವಿಕಲ ಹೋರಾಟಗಾರರು ಅದನ್ನು ಒಪ್ಪಿಲ್ಲ. ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲಿರುವ ‘ವಿಕಲಚೇತನ’ ಇನ್ನೂ ವಿಚಿತ್ರ: ಅಂಗ ಹೋಗಿ ಚೇತನವೇ ವಿಕಲ ಎಂದಾಯಿತು. ಅರ್ಜಿಯಲ್ಲಿ ಇಲಾಖೆಯ ಪದ ಬರೆಯಿರಿ, ಕೆಲಸ ಆಗಬೇಕಲ್ಲ. ಎದುರಿಗೆ ಇರುವವರನ್ನು ಅವರ ಹೆಸರಿನಿಂದ ಕರೆಯಿರಿ. ವೈಕಲ್ಯದ ಬಗ್ಗೆ ಮಾತು ಬಂದರೆ ಅವರು ಯಾವ ಪದ ಬಳಸುತ್ತಾರೋ ಅದೇ ಪದ.

ಪ್ರಮಾಣಪತ್ರದಲ್ಲಿ ವೈಕಲ್ಯದ ಹೆಸರೋ ಶೇಕಡಾವೋ ತಪ್ಪಾಗಿದೆ ಅನ್ನಿಸಿದರೆ ದಾರಿ ಇದೆ. ಕಾಯ್ದೆಯ 59ನೇ ಕಲಮು ಮೇಲ್ಮನವಿಯ ಹಕ್ಕು ಕೊಡುತ್ತದೆ. ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ ಅದನ್ನು ಆಲಿಸಬೇಕು. ಎಲ್ಲಿ ಸಲ್ಲಿಸಬೇಕೆಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ. ಊರಿನಲ್ಲಿ ಗ್ರಾಮ ಪಂಚಾಯತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಬಹುಪಾಲು ಅಂಗವಿಕಲರೇ ಆದ್ದರಿಂದ ಈ ಕಾಗದಗಳ ಕಷ್ಟ ಅವರಿಗೆ ಗೊತ್ತು. ಸೊಲ್ಲಾಪುರ, ಹೈದರಾಬಾದಿನ ಆಸ್ಪತ್ರೆಗಳಲ್ಲಿ ತೋರಿಸಿದ ಚೀಟಿ, ಎಕ್ಸ್‌ರೇ, ಹೆರಿಗೆಯ ದಾಖಲೆ ಎಲ್ಲವನ್ನೂ ಜತೆಗೆ ಲಗತ್ತಿಸಿ. ಒಮ್ಮೆ ಸಿಕ್ಕ ಪ್ರಮಾಣಪತ್ರ ಇಡೀ ದೇಶಕ್ಕೆ ಊರ್ಜಿತ. ಕೆಲಸಕ್ಕೆಂದು ಪುಣೆಗೋ ಮುಂಬೈಗೋ ಹೋದಲ್ಲಿ ಹೊಸದು ಮಾಡಿಸಿ ಎಂದು ಯಾರಾದರೂ ಹೇಳಿದರೆ 58ನೇ ಕಲಮು ತೋರಿಸಿ. ಮೇಲ್ಮನವಿ ಕೊಟ್ಟ ದಿನವೇ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ.